ಇದ್ದಿಲು ಡಬ್ಬಿಯ ತೂಕ

“ನೂರಾ ನಾಲ್ಕು,” ಎಂದು ಇನ್ಸ್‌ಪೆಕ್ಟರಮ್ಮ ಗಟ್ಟಿಯಾಗಿ ಓದಿದರು. “ಇನ್ನೊಂದು... ನೂರಾ ಮೂರು. ಒಡಹುಟ್ಟಿದವರ ಹಾಗಿವೆ.”

ಅದು ಮೊಳೆ, ಸ್ಕ್ರೂ ತೂಗುವ ಪುಟ್ಟ ತಕ್ಕಡಿ. ಈಗ ಅದರ ತಟ್ಟೆಯ ಮೇಲೆ ಕೂತಿದ್ದವು ಅಂಗೈಯಗಲದ ಎರಡು ದುಂಡು ಡಬ್ಬಿಗಳು. ಮಾಸ್ಕಿನ ಎರಡು ಕೆನ್ನೆಗೂ ತಿರುಗಿಸಿ ಕೂರಿಸುವಂಥವು, ಒಳಗೆ ಸಾಸಿವೆಗಿಂತ ಕೊಂಚ ದಪ್ಪನೆಯ ಕಪ್ಪು ಹರಳು ತುಂಬಿದಂಥವು. ಪೀಠೋಪಕರಣದ ಆ ಕಾರ್ಖಾನೆಯಲ್ಲಿ ಎಲ್ಲರೂ ಅದಕ್ಕೆ ಇಟ್ಟ ಹೆಸರು ಇದ್ದಿಲು ಡಬ್ಬಿ.

ಸೋಮವಾರ ಬೆಳಿಗ್ಗೆ ಇದೇ ಜೋಡಿಯನ್ನು ಮುಖಕ್ಕೆ ಕಟ್ಟಿಕೊಂಡು ಪಾಲಿಶ್ ಕೋಣೆಗೆ ಹೋದ ಪಾಲಿಶಣ್ಣ ಅರ್ಧ ಗಂಟೆಯಲ್ಲಿ ಬೀರುವಿನ ಪಕ್ಕ ಉರುಳಿಬಿದ್ದಿದ್ದ. ಇವತ್ತು ಶನಿವಾರ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿನ್ನೂ ಕಣ್ಣು ಬಿಟ್ಟಿರಲಿಲ್ಲ.

“ಮೇಡಂ, ಉಗ್ರಾಣದಕ್ಕನೇ ಒಪ್ಪಿಕೊಂಡಿದ್ದಾರೆ. ಇನ್ನೇನು ತೂಗ್ತಾ ಕೂತಿದ್ದೀರಿ?” ಎಂದರು ಯಜಮಾನರು. ಉಗ್ರಾಣದ ಬಾಗಿಲಲ್ಲಿ ನಿಂತಿದ್ದ ಅವರ ಕೈಯಲ್ಲಿ ಕಾರಿನ ಬೀಗದ ಕೈ ಗಿರಗಿರನೆ ಸುತ್ತುತ್ತಿತ್ತು.

“ಒಪ್ಪಿಕೊಂಡಿದ್ದನ್ನೇ ತೂಗ್ತಾ ಇದ್ದೀನಿ,” ಎಂದರು ಇನ್ಸ್‌ಪೆಕ್ಟರಮ್ಮ, ತಲೆಯೆತ್ತದೆ.

“ನನ್ನ ದೂರಿನಲ್ಲೇ ಬರೆದಿದ್ದೀನಲ್ಲ. ಹಳೇ ಡಬ್ಬಿ ಕೊಟ್ಟರು, ಅವನು ಬಿದ್ದ. ಎರಡು ಸಾಲಿನ ವಿಷಯ.”

“ಎರಡು ಸಾಲಿನ ವಿಷಯಕ್ಕೇ ಯಜಮಾನ್ರೇ, ನನಗೆ ಎರಡು ವಾರ ಹಿಡಿಯೋದು.”

ಯಜಮಾನರ ಹಿಂದೆ ನಿಂತಿದ್ದ ಮೇಸ್ತ್ರಿ ಮೆಲ್ಲನೆ ಕೆಮ್ಮಿದ. ಕಿವಿಯ ಮೇಲೆ ಪೆನ್ಸಿಲ್, ತೋಳಿನ ತುಂಬ ಮರದ ಪುಡಿ, ಯಾರ ಮನಸ್ಸನ್ನೂ ನೋಯಿಸದ ಮಾತು. “ಅಕ್ಕನ್ನ ಬಿಟ್ಟುಬಿಡಿ ಮೇಡಂ. ಹನ್ನೊಂದು ವರ್ಷ ಒಂದು ಮೊಳೆ ಲೆಕ್ಕ ತಪ್ಪಿಸಿದವರಲ್ಲ. ಬೇಕಿದ್ರೆ ಮೇಲ್ವಿಚಾರಣೆ ತಪ್ಪು ನಂದು ಅಂತ ಬರ್ಕೊಳ್ಳಿ.”

“ನೀವು ಹೊರಗಿರಿ, ಬರೆಯೋ ಹೊತ್ತಿಗೆ ಕರೀತೀನಿ,” ಎಂದು ಇನ್ಸ್‌ಪೆಕ್ಟರಮ್ಮ ಇಬ್ಬರನ್ನೂ ಆಚೆ ದಾಟಿಸಿ ಬಾಗಿಲು ಹಾಕಿದರು.

ಹಾಕುವಾಗ ಬಾಗಿಲಿನ ಬೀಗವನ್ನೊಮ್ಮೆ ಮುಟ್ಟಿ ನೋಡಿದರು. ಇದಕ್ಕಿರುವುದು ಎರಡು ಕೀಲಿ. ಒಂದು ಉಗ್ರಾಣದಕ್ಕನ ಸೊಂಟದಲ್ಲಿ, ಇನ್ನೊಂದು ಯಜಮಾನರ ಆಫೀಸಿನ ಗೋಡೆಯ ಮೊಳೆಯಲ್ಲಿ. ಆ ಮೊಳೆಗೆ ಯಜಮಾನರ ಕೈಯೂ ಎಟಕುತ್ತದೆ, ಮೇಸ್ತ್ರಿಯ ಕೈಯೂ ಎಟಕುತ್ತದೆ. ಅದನ್ನು ಅವರು ಮಂಗಳವಾರವೇ ಡೈರಿಯಲ್ಲಿ ಬರೆದುಕೊಂಡಿದ್ದರು.

ಕೋಣೆಯಲ್ಲಿ ಈಗ ಇಬ್ಬರೇ ಉಳಿದರು. ಗೋಡೆಯುದ್ದಕ್ಕೂ ಡ್ರಾಯರುಗಳು, ಪ್ರತಿಯೊಂದರ ಮೇಲೂ ಒಳಗಿರುವುದರ ಒಂದೊಂದು ತುಂಡು ಅಂಟಿಸಿತ್ತು. ಒಂದರ ಮೇಲೆ ಹಿಡಿಕೆ, ಒಂದರ ಮೇಲೆ ಕೀಲು, ಒಂದರ ಮೇಲೆ ಉಪ್ಪುಕಾಗದದ ಚೂರು. ಓದು ಬಾರದವರೂ ಹುಡುಕಿಕೊಳ್ಳಲಿ ಎಂದು ಹಾಗೆ ಮಾಡಿದ್ದು ಉಗ್ರಾಣದಕ್ಕ. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಆಕೆ ಸ್ಟೂಲಿನ ಮೇಲೆ ಮುದುಡಿ ಕೂತಿದ್ದರು. ತೊಡೆಯ ಮೇಲೊಂದು ಬಟ್ಟೆಯ ಗಂಟು.

“ಅದೇನದು ಗಂಟು?” ಎಂದು ಇನ್ಸ್‌ಪೆಕ್ಟರಮ್ಮ ಕೇಳಿದರು.

“ಎರಡು ಜೊತೆ ಬಟ್ಟೆ, ಒಂದು ಟವೆಲು. ಹಲ್ಲುಜ್ಜೋ ಬ್ರಷ್ಷು ಬಿಡ್ತಾರೋ ಇಲ್ಲವೋ ಗೊತ್ತಾಗ್ಲಿಲ್ಲ. ತಂದಿದ್ದೀನಿ.”

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರಮ್ಮ ಓಡಿಹೋದವರನ್ನು ಕಂಡಿದ್ದರು, ಕಾಲಿಗೆ ಬಿದ್ದವರನ್ನು ಕಂಡಿದ್ದರು, ಮಂತ್ರಿಗಳಿಗೆ ಫೋನು ಮಾಡಿಸಿದವರನ್ನು ಕಂಡಿದ್ದರು. ನೆಂಟರ ಮನೆಗೆ ಹೊರಟವರಂತೆ ಗಂಟು ಕಟ್ಟಿಕೊಂಡು ಜೈಲಿಗೆ ಸಿದ್ಧರಾಗಿ ಬಂದವರನ್ನು ಇದೇ ಮೊದಲು ಕಂಡದ್ದು. ಅವರ ಚೀಲದೊಳಗೆ ಬಂಧನದ ಆದೇಶ ಮಡಚಿಕೊಂಡು ಕೂತಿತ್ತು. ‘ಸಂಜೆ ಐದಕ್ಕೆ ಆಕೆಯನ್ನು ಕರೆತನ್ನಿ, ಪ್ರಕರಣ ಮುಗಿಸೋಣ’ ಎಂದು ಮೇಲಿನ ಸಾಹೇಬರು ಸಹಿ ಗೀಚಿಯಾಗಿತ್ತು. ಈಗ ಗಂಟೆ ಒಂದೂ ಕಾಲು.

“ಇನ್ನೊಂದು ಸಲ ಹೇಳಿ. ಆ ಜೋಡಿ ಯಾವಾಗ ಬಿಚ್ಚಿದ್ದು?”

“ಹೋದ ಶನಿವಾರ ಬೆಳಿಗ್ಗೆ. ಹೊಸಾದು. ನಾನೇ ಅಲ್ಯೂಮಿನಿಯಂ ಹಾಳೆ ಕಿತ್ತು, ಪೇಪರ್ ಟೇಪಿನ ಮೇಲೆ ತಾರೀಕು ಬರೆದು ಅಂಟಿಸಿದ್ದು. ಸಂಜೆ ಬಿಚ್ಚಿ ಮುಚ್ಚಳದ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿಟ್ಟೆ. ಬಿಗಿಯಾಗಿ ಮುಚ್ಚದಿದ್ರೆ ಅದು ರಾತ್ರಿಯೆಲ್ಲ ಕೋಣೆ ವಾಸನೆ ಕುಡೀತಾ ಕೂರುತ್ತೆ.”

“ಸೋಮವಾರ ಅದನ್ನೇ ಕೊಟ್ಟಿರಿ.”

“ಅದನ್ನೇ ಕೊಟ್ಟೆ. ತಪ್ಪು ನಂದೇ. ಬರ್ಕೊಳ್ಳಿ ಮೇಡಂ, ಪದೇ ಪದೇ ಯಾಕೆ ಕೇಳ್ತೀರಿ?”

ಇನ್ಸ್‌ಪೆಕ್ಟರಮ್ಮ ಬರೆದುಕೊಳ್ಳಲಿಲ್ಲ. ಮೇಲಿನ ಖಾನೆಯಿಂದ ಇನ್ನೂ ಹಾಳೆ ಕೀಳದ ಹೊಸ ಡಬ್ಬಿಯೊಂದನ್ನು ತಕ್ಕಡಿಗಿಟ್ಟರು. ಎಂಬತ್ತೆಂಟು ಗ್ರಾಂ. ಇನ್ನೊಬ್ಬ ಪಾಲಿಶಿನವನು ಒಂದೇ ದಿನ ಬಳಸಿದ್ದು, ತೊಂಬತ್ತೊಂದು. ಕೊನೆಗೆ ಮೂಲೆಯ ಕಸದ ಬುಟ್ಟಿಯನ್ನೇ ಮೇಜಿಗೆ ಎತ್ತಿದರು. ಬಳಸಿ ಬಳಸಿ, ಇನ್ನು ಆಗದು ಎಂದು ಅಕ್ಕ ಎಸೆದಿದ್ದ ಹದಿನಾರು ಡಬ್ಬಿ ಅದರಲ್ಲಿದ್ದವು. ಒಂದೊಂದನ್ನೂ ತೂಗಿದರು. ಎಲ್ಲಕ್ಕಿಂತ ಭಾರದ್ದು ತೊಂಬತ್ತೆಂಟು.

“ಗೊತ್ತಾಯ್ತಾ?”

ಅಕ್ಕ ಇಲ್ಲವೆಂದು ತಲೆಯಾಡಿಸಿದರು.

“ಮೊನ್ನೆ ನಮ್ಮ ಲ್ಯಾಬಿನವರ ಹತ್ರ ಪಾಠ ಹೇಳಿಸಿಕೊಂಡು ಬಂದೆ. ಸ್ಕೂಲಲ್ಲಿ ಕಲಿತಿದ್ರೆ ಈ ವಯಸ್ಸಲ್ಲಿ ಬೈಸಿಕೊಳ್ಳೋದು ತಪ್ತಿತ್ತು,” ಎಂದು ಇನ್ಸ್‌ಪೆಕ್ಟರಮ್ಮ ಒಂದು ಡಬ್ಬಿಯನ್ನು ಅಲುಗಿಸಿದರು. ಒಳಗೆ ಹರಳು ಸರಸರ ಎಂದಿತು. “ಇದ್ದಿಲು ಜರಡಿ ಇದ್ದ ಹಾಗಲ್ಲವಂತೆ. ಜರಡಿ ತಡೆಯುತ್ತೆ, ಇದು ಹಿಡಿದಿಟ್ಟುಕೊಳ್ಳುತ್ತೆ. ಒಂದೊಂದು ಹರಳಲ್ಲೂ ಕಣ್ಣಿಗೆ ಕಾಣದ ಲಕ್ಷಾಂತರ ಗೂಡು. ವಾರ್ನಿಶ್ ತೆಳು ಮಾಡೋ ಥಿನ್ನರಿನ ಆವಿ ಒಳಗೆ ಬಂತು ಅಂದ್ರೆ ಆ ಗೂಡುಗಳಿಗೆ ಅಂಟಿ ಕೂತುಬಿಡುತ್ತೆ, ಬರೀ ಗಾಳಿ ಆಚೆ ಹೋಗುತ್ತೆ. ಗೂಡೆಲ್ಲ ಭರ್ತಿಯಾದ ಮೇಲೆ ಬಂದ ಆವಿಗೆ ಜಾಗ ಇಲ್ಲ, ಅದು ನೇರ ಮೂಗಿಗೆ.”

“ಅದು ನಂಗೂ ಗೊತ್ತು.”

“ಇದೂ ಕೇಳಿ. ಹಿಡಿದಿಟ್ಟುಕೊಂಡದ್ದಕ್ಕೆ ತೂಕ ಇರುತ್ತಲ್ಲ? ದಿನಕ್ಕೆ ಮೂರು ಗ್ರಾಂ ಏರುತ್ತೆ. ತೊಂಬತ್ತೆಂಟಕ್ಕೆ ಬಂದಾಗ ವಾಸನೆ ಬಂದು ನೀವೇ ಎಸೀತೀರಿ. ಹಾಗಿದ್ದ ಮೇಲೆ ಒಂದೇ ದಿನ ಬಳಸಿದ ಈ ಜೋಡಿ ನೂರಾ ನಾಲ್ಕಕ್ಕೆ ಹೇಗೆ ಹೋಯ್ತು? ಅರ್ಧ ಗಂಟೆಯಲ್ಲಿ ಮನುಷ್ಯ ಎಷ್ಟು ಜೋರಾಗಿ ಉಸಿರೆಳೆದ್ರೂ ಎರಡು ಗ್ರಾಂ ಮೇಲೆ ಏರಲ್ಲ.”

ಉಗ್ರಾಣದಕ್ಕ ಮೊದಲ ಸಲ ಗಂಟಿನಿಂದ ಕೈ ತೆಗೆದರು.

“ಮುಖಕ್ಕೆ ಹಾಕಿಕೊಂಡು ಯಾರೂ ಇದನ್ನ ಇಷ್ಟು ತುಂಬಿಸಿಲ್ಲ,” ಎಂದು ಇನ್ಸ್‌ಪೆಕ್ಟರಮ್ಮ ಡಬ್ಬಿಯ ಮುಂಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಇಲ್ಲಿ ನೋಡಿ. ಇನ್ನೊಬ್ಬ ಒಂದೇ ದಿನ ಬಳಸಿದ್ದರ ತೂತುಗಳ ತುಂಬ ವಾರ್ನಿಶ್ ಹನಿ ಅಂಟಿದೆ. ಇದರಲ್ಲಿ ಬೆರಳೆಣಿಕೆಯಷ್ಟು ಚುಕ್ಕೆ. ಹೊಟ್ಟೆ ಬಿರಿಯ ಉಂಡಿದೆ, ಬಾಯಿ ಎಂಜಲಾಗಿಲ್ಲ. ಥಿನ್ನರ್ ಸುರಿದ ಯಾವುದೋ ಪಾತ್ರೇಲಿ ಭಾನುವಾರವಿಡೀ ಇದನ್ನ ಮುಚ್ಚಿಟ್ಟು ಕೊಬ್ಬಿಸಿದ್ದಾರೆ. ಆಮೇಲೆ ನಿಮ್ಮ ಜೋಡಿಯ ಮೇಲಿದ್ದ ಟೇಪು ಬಿಡಿಸಿ ಇದಕ್ಕೆ ಅಂಟಿಸಿದ್ದಾರೆ. ಟೇಪಿನ ಅಂಟಿನ ಕಡೆ ಮರದ ಪುಡಿ ಕೂತಿದೆ. ಹೊಸ ಟೇಪಿನಡಿ ಪುಡಿ ಎಲ್ಲಿಂದ ಬರಬೇಕು?”

ಇಷ್ಟು ಹೇಳಿ ಇನ್ಸ್‌ಪೆಕ್ಟರಮ್ಮ ಕಾದರು. ಆಕೆ ಅಳಬಹುದು, ಕೈಮುಗಿಯಬಹುದು, ‘ಉಳಿಸಿದಿರಿ ತಾಯೀ’ ಎನ್ನಬಹುದು ಎಂದುಕೊಂಡಿದ್ದರು.

ಅಕ್ಕನ ಮುಖ ಮತ್ತೂ ಕಪ್ಪಿಟ್ಟಿತು. “ಬದಲಾಯಿಸಿದ್ದು ಯಾರೇ ಆಗಿರಲಿ ಮೇಡಂ, ಕೊಟ್ಟಿದ್ದು ನಾನೇ. ಹಿಡೀಬೇಕಿದ್ದು ನಾನು. ಹಿಡೀಲಿಲ್ಲ.”

ಇಲ್ಲೇ ಏನೋ ಇದೆ ಎಂದು ಇನ್ಸ್‌ಪೆಕ್ಟರಮ್ಮನ ಮನಸ್ಸು ಎಚ್ಚೆತ್ತಿತು. ‘ಹಿಡೀಬೇಕಿದ್ದು’ ಎಂದರೆ? ಉಗ್ರಾಣದವರ ಕೆಲಸ ಕೊಡುವುದು, ಬರೆದುಕೊಳ್ಳುವುದು. ಕೆಟ್ಟಿದೆಯೋ ಇಲ್ಲವೋ ನೋಡಬೇಕಾದವನು ಹಾಕಿಕೊಳ್ಳುವವನೇ. ಮಾಸ್ಕು ಹಾಕಿ ವಾಸನೆ ಬಂತೆಂದರೆ ಡಬ್ಬಿ ಕೆಟ್ಟಿತು, ಕೂಡಲೇ ಹೊರಗೆ ಬಾ ಎಂದು ಪಾಲಿಶ್ ಕೋಣೆಯ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ.

ಅವರು ಆ ನೂರಾ ನಾಲ್ಕರ ಡಬ್ಬಿಯನ್ನು ಮೂಗಿನ ಹತ್ತಿರ ತಂದರು. ತಂದದ್ದೇ ತಡ, ತಲೆ ಹಿಂದಕ್ಕೆ ಎಗರಿತು, ಕಣ್ಣಲ್ಲಿ ನೀರು ಬಂತು. ಐದು ದಿನ ಪೊಲೀಸರು ಸೀಲು ಹಾಕಿದ ಸೀಸೆಯಲ್ಲಿ ಬಂದಿಯಾಗಿದ್ದರೂ ಅದರ ಘಾಟು ಇಳಿದಿರಲಿಲ್ಲ.

“ಅಬ್ಬಬ್ಬಾ! ಇದನ್ನ ಕಟ್ಟಿಕೊಂಡು ಅರ್ಧ ಗಂಟೆ ಹೇಗೆ ನಿಂತಿದ್ದ ಆ ಮಹಾರಾಯ? ನಾನಾಗಿದ್ರೆ ಅರ್ಧ ನಿಮಿಷಕ್ಕೆ ಬೀದಿಗೆ ಬಿದ್ದು ಓಡ್ತಿದ್ದೆ.”

ಅಕ್ಕ ನೆಲ ನೋಡಿದರು.

ಆ ನೋಟ ಕಂಡಾಗ ಇನ್ಸ್‌ಪೆಕ್ಟರಮ್ಮನಿಗೆ ಮಂಗಳವಾರ ಆಸ್ಪತ್ರೆಯಲ್ಲಿ ಕೇಳಿದ ಮಾತೊಂದು ನೆನಪಾಯಿತು. ಪಾಲಿಶಣ್ಣನ ಹೆಂಡತಿ ಗಂಡನ ಕಾಲು ಒತ್ತುತ್ತ ಅತ್ತು ಅತ್ತು ಹೇಳಿದ್ದಳು. ‘ಪಾಪದ ಮನುಷ್ಯ ಮೇಡಂ. ಒಂದಿನ ಹಾಲು ಉಕ್ಕಿ, ಪಾತ್ರೆ ಸೀದು ಕರಿಕಲಾಗಿ ಮನೆಯೆಲ್ಲ ಹೊಗೆ. ಇವರು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರು. ಬೈದ್ರೆ ನಗ್ತಾರೆ.’ ಆಗ ಅದು ಹೆಂಡತಿಯ ಪ್ರೀತಿಯ ದೂರಿನಂತೆ ಕೇಳಿಸಿತ್ತು.

ಇನ್ಸ್‌ಪೆಕ್ಟರಮ್ಮ ತಮ್ಮ ಕುರ್ಚಿಯನ್ನು ಎಳೆದುಕೊಂಡು ಅಕ್ಕನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ದನಿ ಇಳಿಸಿದರು.

“ಅವನಿಗೆ ವಾಸನೆ ಬರಲ್ಲ. ಅಲ್ವಾ?”

ಅಕ್ಕ ಗಂಟನ್ನು ಮತ್ತೆ ಹತ್ತಿರಕ್ಕೆಳೆದುಕೊಂಡರು.

“ನಿಮಗದು ಗೊತ್ತು. ಎಷ್ಟು ದಿನದಿಂದ ಗೊತ್ತು?”

“ದಿನ ಅಲ್ಲ,” ಎಂದರು ಅಕ್ಕ. “ಎರಡು ವರ್ಷ.”

ಹನ್ನೊಂದು ವರ್ಷದ ಅಚ್ಚುಕಟ್ಟಿನ ಹೆಂಗಸು ಅವತ್ತು ಒಡೆದುಹೋದರು. ಅತ್ತರು, ಮೂಗೊರೆಸಿಕೊಂಡರು, ಒರೆಸಿಕೊಂಡ ಕರವಸ್ತ್ರವನ್ನೂ ನಾಲ್ಕು ಮಡಿಕೆಯಾಗಿ ಮಡಚಿದರು, ಮತ್ತೆ ಅತ್ತರು. ಇನ್ಸ್‌ಪೆಕ್ಟರಮ್ಮ ಅವಸರ ಮಾಡಲಿಲ್ಲ.

“ದೊಡ್ಡ ಜ್ವರ ಬಂದಿತ್ತು ಮೇಡಂ ಅವರಿಗೆ. ಜ್ವರ ಬಿಡ್ತು, ಮೂಗು ವಾಪಸ್ ಬರ್ಲಿಲ್ಲ. ಒಂದಿನ ಬೆಳಿಗ್ಗೆ ಬೇಗ ಬಂದು ಇದೇ ಸ್ಟೂಲ್ ಮೇಲೆ ಕೂತು ಹೇಳಿದ್ರು. ಅಕ್ಕಾ, ಮೂಗಿಲ್ಲದ ಪಾಲಿಶಿನವನಿಗೆ ಯಾರು ಕೆಲಸ ಕೊಡ್ತಾರೆ, ಇದು ಬಿಟ್ಟು ನಂಗೆ ಬೇರೇನು ಬರುತ್ತೆ ಅಂತ. ಅವರ ಕೈ ನೋಡಿದ್ದೀರಾ ನೀವು? ಅವರು ಪಾಲಿಶ್ ಹೊಡೆದ ಮೇಜಲ್ಲಿ ತಲೆ ಬಾಚ್ಕೋಬಹುದು.”

“ಅದಕ್ಕೆ?”

“ಅದಕ್ಕೆ ನಾನೇ ನೋಡಿ ಕೊಡ್ತೀನಿ ಅಂದೆ. ಎಲ್ಲರಿಗಿಂತ ಹತ್ತು ನಿಮಿಷ ಮುಂಚೆ ಬರೋದು. ಅವರ ಮಾಸ್ಕು ನನ್ನ ಮುಖಕ್ಕೆ ಒತ್ತಿಹಿಡಿದು, ಥಿನ್ನರ್ ಡಬ್ಬದ ಮುಚ್ಚಳ ತೆಗೆದು, ಅದರ ಮೇಲೆ ಬಗ್ಗಿ ಹತ್ತು ಉಸಿರು ಎಳೆಯೋದು. ಹತ್ತು, ಎಣಿಸಿ. ಏನೂ ಬರದಿದ್ರೆ ಕೊಡೋದು, ಚೂರು ಬಂದ್ರೂ ಎಸೆದು ಹೊಸಾದು ಬಿಚ್ಚೋದು. ಎರಡು ವರ್ಷ ಒಂದು ದಿನ ತಪ್ಪಿಸಿಲ್ಲ. ‘ನನ್ನ ಮೂಗು ನಿಮ್ಮ ಹತ್ರ ಇದೆ ಅಕ್ಕಾ, ಜೋಪಾನ’ ಅಂತ ತಮಾಷೆ ಮಾಡೋರು.”

ಹೊರಗೆ ಮರಕ್ಕೆ ರಂದ ಹೊಡೆದು ನಯಗೊಳಿಸುವ ಯಂತ್ರ ಒಮ್ಮೆ ಕಿರುಚಿ ನಿಂತಿತು. ಇನ್ಸ್‌ಪೆಕ್ಟರಮ್ಮನಿಗೆ ಆ ಕ್ಷಣ ಪೊಲೀಸ್ ಕೆಲಸವೇ ಬೇಸರವೆನಿಸಿತು. ಒಬ್ಬರ ಮೂಗನ್ನು ಇನ್ನೊಬ್ಬರು ಎರಡು ವರ್ಷ ಹೊತ್ತು ತಿರುಗಿದ್ದಾರೆ, ಒಂದು ನರಪಿಳ್ಳೆಗೂ ಹೇಳದೆ. ಅಂಥವರ ಕೈಗೆ ಕೋಳ ಹಾಕಲು ತಾನು ಐದು ಗಂಟೆಯ ಲೆಕ್ಕ ಹಾಕುತ್ತ ಕೂತಿದ್ದೇನೆ!

“ಸೋಮವಾರ ಏನಾಯ್ತು?”

“ನೆಗಡಿ.”

“ನೆಗಡಿ?”

“ಶನಿವಾರ ಸಂಜೆಯಿಂದ ಸಣ್ಣಗೆ ಸೀನು. ಸೋಮವಾರಾನೂ ಇತ್ತು. ಮಾಸ್ಕು ಹಿಡಿದೆ, ಹತ್ತು ಉಸಿರು ಎಳೆದೆ, ಏನೂ ಬರ್ಲಿಲ್ಲ. ಏನೂ ಬರ್ತಿಲ್ಲ ಅಂದ್ರೆ ಡಬ್ಬಿ ಸರಿಯಿದೆ ಅಂತಲೋ, ನನ್ನ ಮೂಗು ಸರಿಯಿಲ್ಲ ಅಂತಲೋ? ಆ ಪ್ರಶ್ನೆ ನನಗೆ ಬಂತು ಮೇಡಂ. ಬಂದ್ರೂ ನುಂಗ್ಕೊಂಡೆ. ಮೊನ್ನೆ ತಾನೇ ಬಿಚ್ಚಿದ ಡಬ್ಬಿ, ಏನಾಗುತ್ತೆ ಅಂದ್ಕೊಂಡೆ. ಇವತ್ತು ಮೂಗಿಲ್ಲ, ಕೆಲಸ ಬೇಡ ಅಂತ ಅವರಿಗೆ ಹೇಳಿದ್ರೆ, ಯಾಕೆ ಏನು ಅಂತ ಎಲ್ಲರೂ ಕೇಳ್ತಾರೆ, ಗುಟ್ಟು ಹೊರಬೀಳುತ್ತೆ ಅಂತ...” ಅಕ್ಕ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. “ಫ್ಯಾನು ಬೇರೆ ಕೆಟ್ಟು ಮೂರು ದಿನ ಆಗಿತ್ತು. ಮಾಸ್ಕು ಬಿಟ್ರೆ ಬೇರೆ ಗತಿ ಇಲ್ಲ ಅಂತ ನಂಗೆ ಗೊತ್ತಿತ್ತು.”

ಫ್ಯಾನಿನ ವಿಷಯ ಇನ್ಸ್‌ಪೆಕ್ಟರಮ್ಮನಿಗೂ ಗೊತ್ತಿತ್ತು. ಗಾಳಿ ಹೊರಗೆಳೆಯುವ ಆ ಫ್ಯಾನು ರಿಪೇರಿಯಾಗದಿದ್ದರೆ ಮಂಗಳವಾರ ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಡುತ್ತೇನೆ ಎಂದು ಪಾಲಿಶಣ್ಣ ನಾಲ್ಕು ಜನರ ಮುಂದೆ ಹೇಳಿದ್ದ. ಅವನ ಪಾಲಿಗೆ ಆ ಮಂಗಳವಾರ ಬರಲೇ ಇಲ್ಲ.

“ಅಕ್ಕಾ, ನನ್ನ ಮುಖ ನೋಡಿ.” ಇನ್ಸ್‌ಪೆಕ್ಟರಮ್ಮ ಆಕೆಯನ್ನು ಹಾಗೆ ಕರೆದದ್ದು ಅದೇ ಮೊದಲು. “ಈ ಡಬ್ಬಿಯ ಘಾಟು ನಾನು ನೋಡಿದ್ದೀನಿ. ಸಣ್ಣ ನೆಗಡಿ ಇದನ್ನ ತಡೆಯಲ್ಲ. ಮೂಗು ಪೂರ್ತಿ ಕಟ್ಟಿತ್ತಾ?”

“ಇಲ್ಲ. ಉಸಿರಾಡ್ತಿತ್ತು.”

“ಮತ್ತೆ?”

“ಮುಲಾಮು ಹಚ್ಕೊಂಡಿದ್ದೆ. ಮೂಗಿನ ಕೆಳಗೆ, ಹೊಳ್ಳೆ ಒಳಗೆಲ್ಲ. ಕಣ್ಣುರಿ ಬರೋಷ್ಟು ಖಾರ. ಆ ಮುಲಾಮಿನ ವಾಸನೆ ಬಿಟ್ಟು ಬೇರೇನೂ ಗೊತ್ತಾಗ್ಲಿಲ್ಲ.”

ಇನ್ಸ್‌ಪೆಕ್ಟರಮ್ಮ ಬೆರಳು ಮಡಚುತ್ತ ಲೆಕ್ಕ ಹಾಕಿದರು. ಯಾವನೋ ಒಬ್ಬ ಡಬ್ಬಿ ಬದಲಾಯಿಸಿದ. ಸರಿ. ಆದರೆ ಅಕ್ಕನ ಮೂಗು ಹತ್ತು ಉಸಿರು ಎಳೆದರೆ ಅವನ ಆಟ ಅಲ್ಲೇ ಮುಗಿಯುತ್ತಿತ್ತು. ಅವನಿಗೆ ಎರಡು ಸಂಗತಿ ಗೊತ್ತಿರಬೇಕು. ಪಾಲಿಶಣ್ಣನಿಗೆ ಮೂಗಿಲ್ಲ ಎಂಬುದು ಒಂದು, ಅವನ ಮೂಗು ಅಕ್ಕನ ಹತ್ತಿರ ಇದೆ ಎಂಬುದು ಇನ್ನೊಂದು. ಗೊತ್ತಿದ್ದು, ಆ ಎರಡನೇ ಮೂಗನ್ನೂ ಅವತ್ತಿನ ಮಟ್ಟಿಗೆ ಮುಚ್ಚಿಸಿರಬೇಕು.

“ಈ ವಿಷಯ ಇನ್ಯಾರಿಗೆ ಗೊತ್ತಿತ್ತು?”

“ಯಾರಿಗೂ ಇಲ್ಲ. ನಮ್ಮಿಬ್ಬರಿಗೇ.”

“ಗಂಡಸು ಊರಿಗೆ ಮುಚ್ಚಿಟ್ಟ ಗುಟ್ಟನ್ನ ಮನೇಲಿ ಹೆಂಡತಿಗೆ ಹೇಳದೆ ಇರ್ತಾನೇನಕ್ಕಾ?”

ಅಕ್ಕ ಕರವಸ್ತ್ರದ ಮಡಿಕೆ ಬಿಚ್ಚಿ ಮತ್ತೆ ಮಡಚಿದರು.

“ಆ ಮುಲಾಮು ನಿಮ್ಮದೇನಾ?”

“ಅಲ್ಲ...” ಅಕ್ಕನ ಕೈ ತಂತಾನೆ ಮೂಗಿನ ಕಡೆ ಹೋಯಿತು. “ಅವರ ಹೆಂಡತೀದು. ಸೋಮವಾರ ಬೆಳಿಗ್ಗೆ ತಿಂಡಿ ಡಬ್ಬಿ ಮರೆತು ಬಂದಿದ್ದಾರೆ ಅಂತ ಗೇಟಿನ ಹತ್ರ ಬಂದಿದ್ಲು. ‘ನೆಗಡಿಯಂತಲ್ಲ ಅಕ್ಕಾ, ಇವರು ಹೇಳಿದ್ರು’ ಅಂತ ಅವಳೇ ಮುಚ್ಚಳ ತೆಗೆದು, ಬೆರಳಲ್ಲಿ ತೆಗೆದುಕೊಂಡು ಹಚ್ಚಿದ್ಲು. ಒಡಹುಟ್ಟಿದ ತಂಗಿ ಹಚ್ಚಿದ ಹಾಗೆ ಹಚ್ಚಿದ್ಲು ಮೇಡಂ.” ಕೂಡಲೇ ಸೇರಿಸಿದರು, “ಅವಳನ್ನ ಅನುಮಾನಿಸಬೇಡಿ. ಗಂಡ ಅಂದ್ರೆ ಪ್ರಾಣ ಅವಳಿಗೆ. ಐದು ದಿನದಿಂದ ಒಂದು ತುತ್ತು ತಿಂದಿಲ್ಲವಂತೆ.”

ಅದು ಸುಳ್ಳಲ್ಲವೆಂದು ಇನ್ಸ್‌ಪೆಕ್ಟರಮ್ಮನಿಗೂ ಗೊತ್ತಿತ್ತು. ಆ ಹೆಂಗಸಿನ ಬಾಡಿದ ಮುಖ ಅವರು ಐದು ದಿನವೂ ನೋಡಿದ್ದರು. ಅಂಥ ಅಳು ನಟಿಸಲು ಬರುವುದಿಲ್ಲ. ಆದರೆ ಪಶ್ಚಾತ್ತಾಪದ ಅಳುವೂ ಹಾಗೆಯೇ ಇರುತ್ತದೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಿದವನು ಒಪ್ಪಿಗೆಗೆ ಕಾಯದೆ ಒಳಗೇ ಬಂದ. ಆಸ್ಪತ್ರೆಯ ಕಾವಲಿಗೆ ನಿಲ್ಲಿಸಿದ್ದ ಇನ್ಸ್‌ಪೆಕ್ಟರಮ್ಮನ ಪೇದೆ. ಠಾಣೆಯಲ್ಲಿ ಎಲ್ಲರೂ ಅವನನ್ನು ‘ಗಂಟೆ’ ಎಂದೇ ಕರೆಯುವುದು, ಏಕೆಂದರೆ ಊಟದ ಹೊತ್ತಿಗೆ ಅವನ ಹೊಟ್ಟೆ ಸರಿಯಾಗಿ ಬಾರಿಸುತ್ತಿತ್ತು. ಈಗಲೂ ತುಟಿಯ ಮೂಲೆಯಲ್ಲೊಂದು ಅನ್ನದ ಅಗಳು ಅಂಟಿತ್ತು.

“ಮೇಡಂ, ಶುಭ ಸಮಾಚಾರ! ಬೆಳಿಗ್ಗೆಯಿಂದ ಪಾಲಿಶಣ್ಣನ ರೆಪ್ಪೆ ಅಲುಗ್ತಿದೆ. ಇವತ್ತೇ ಎಚ್ಚರ ಆಗಬಹುದು ಅಂದ್ರು ಡಾಕ್ಟರು. ಫೋನಲ್ಲಿ ಯಾಕೆ, ಹೇಗೂ ಈ ಕಡೆ ಊಟಕ್ಕೆ ಬಂದಿದ್ದೆ, ಬಾಯಾರೆ ಹೇಳೋಣ ಅಂತ...”

“ನೀನಿಲ್ಲಿ ನಿಂತಿದ್ದೀಯಲ್ಲ,” ಎಂದರು ಇನ್ಸ್‌ಪೆಕ್ಟರಮ್ಮ ನಿಧಾನವಾಗಿ. “ಅವನ ಕೋಣೆ ಮುಂದೆ ಯಾರು ನಿಂತಿದ್ದಾರೆ?”

“ಯಾಕೆ ಮೇಡಂ, ಅವರ ಮನೆಯವರು ಇದ್ದಾರಲ್ಲ. ‘ಅಣ್ಣಾ, ನೀವು ಹೋಗಿ ಊಟ ಮಾಡಿ ಬನ್ನಿ, ನಾನಿದ್ದೀನಿ’ ಅಂತ ಅವರೇ ಕಳಿಸಿದ್ರು. ತಂಗಿಯಂಥವಳು.”

ಗಂಟೆಯ ಮುಖದ ನಗು ಮೆಲ್ಲನೆ ಇಳಿಯಿತು. ಮೇಡಂ ಬೈಯದೆ ಇದ್ದರೆ ಕೆಲಸ ಕೆಟ್ಟಿದೆ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು.

ಇನ್ಸ್‌ಪೆಕ್ಟರಮ್ಮ ಆಗಲೇ ಫೋನು ಕಿವಿಗಿಟ್ಟಿದ್ದರು. ಒಂದು ಸಲ ರಿಂಗಾಯಿತು, ಎರಡು ಸಲ. ಮೂರನೆಯದಕ್ಕೆ ಆ ಕಡೆಯಿಂದ ಅಳುವೂ ನಗುವೂ ಕೂಡಿದ ದನಿ ಬಂತು.

“ಮೇಡಂ! ಇವರು ಕಣ್ಣು ಬಿಟ್ರು. ಇದೀಗ. ನನ್ನ ಗುರುತು ಹಿಡಿದ್ರು ಮೇಡಂ, ಕೈ ಹಿಸುಕಿದ್ರು. ಮಾತು ಇನ್ನೂ ಬರ್ತಿಲ್ಲ.”

“ಒಳ್ಳೇದಾಯ್ತಮ್ಮಾ. ತುಂಬ ಒಳ್ಳೇದಾಯ್ತು.” ಆ ಮಾತನ್ನು ಇನ್ಸ್‌ಪೆಕ್ಟರಮ್ಮ ಮನಸಾರೆ ಹೇಳಿದರು. ಮುಂದಿನ ಪ್ರಶ್ನೆ ಹೇಗೆ ಕೇಳಬೇಕೆಂದು ಕ್ಷಣ ತಡೆದರು. ‘ಯಾಕೆ ಹಾಗೆ ಮಾಡಿದೆ’ ಎಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. “ಒಂದೇ ಮಾತು ಕೇಳ್ತೀನಿ, ಹೆದರಬೇಡ. ಸೋಮವಾರ ಅಕ್ಕನಿಗೆ ಮುಲಾಮು ಹಚ್ಚು ಅಂತ ನಿಂಗೆ ಯಾರು ಹೇಳಿಕೊಟ್ರು?”

ಆಸ್ಪತ್ರೆಯ ಯಂತ್ರವೊಂದು ಟಿಕ್ ಟಿಕ್ ಎನ್ನುವುದಷ್ಟೇ ಕೇಳಿಸಿತು.

“ತಲೆ ಸುತ್ತುತ್ತೆ ಅಷ್ಟೇ ಅಂದಿದ್ರು ಮೇಡಂ.” ದನಿ ಪಿಸುಮಾತಿಗಿಳಿದಿತ್ತು. “ದೇವರಾಣೆ. ಒಂದು ಸಲ ತಲೆ ಸುತ್ತಿ ಕೂತ್ರೆ ಸಾಕು, ಆ ಕೋಣೆಯಿಂದ ಬಿಡಿಸಿ ಪ್ಯಾಕಿಂಗಿಗೆ ಹಾಕಿಸ್ತೀನಿ ಅಂದಿದ್ರು. ಮೂಗು ಹೋಯ್ತು. ಇನ್ನು ಶ್ವಾಸಕೋಶ ಹೋಗೋ ತನಕ ನಾನು ನೋಡ್ಕೊಂಡು ಕೂರಬೇಕಾಗಿತ್ತಾ? ಹೇಳಿದ್ರೆ ಇವರು ಕೇಳ್ತಿರ್ಲಿಲ್ಲ. ಅದಕ್ಕೆ ನಾನು...”

“ಅಳಬೇಡಮ್ಮಾ. ಯಾರು ಹಾಗಂದಿದ್ದು? ಹೆಸರು ಹೇಳು.”

ಅವಳು ಉಸಿರೆಳೆದುಕೊಂಡಳು. ಅದೇ ಹೊತ್ತಿಗೆ ಅಲ್ಲಿ ಬಾಗಿಲು ಕಿರ್ ಎಂದಿತು. ಯಾರದೋ ಚಪ್ಪಲಿಯ ಸದ್ದು ಎರಡು ಹೆಜ್ಜೆ ಬಂದು ನಿಂತಿತು. ಹೆಂಗಸಿನ ದನಿ ಒಮ್ಮೆಲೇ ಬದಲಾಯಿತು, ಮನೆಗೆ ಬಂದವರನ್ನು ಮಾತಾಡಿಸುವ ದನಿಯಾಯಿತು.

“ಓ, ನೀವಾ... ಬನ್ನಿ. ಹೂಂ, ಈಗ ತಾನೇ ಕಣ್ಣು ಬಿಟ್ರು.”

ಫೋನು ಕಡಿದುಹೋಯಿತು. ಮತ್ತೆ ಒತ್ತಿದರೆ ಸ್ವಿಚ್ ಆಫ್.

“ಗಾಡಿ ತೆಗಿ!” ಎಂದು ಕೂಗಿ ಇನ್ಸ್‌ಪೆಕ್ಟರಮ್ಮ ಕಿಟಕಿಯ ಬಳಿ ಹೋದರು. ಅಂಗಳದಲ್ಲಿ ಯಜಮಾನರ ಕಾರು ನಿಲ್ಲುತ್ತಿದ್ದ ಜಾಗ ಖಾಲಿ. ಪಕ್ಕದಲ್ಲಿ ಮೇಸ್ತ್ರಿಯ ಬೈಕು ನಿಲ್ಲುತ್ತಿದ್ದಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿತ್ತು. ಇಬ್ಬರೂ ಬೇರೆ ಬೇರೆ ಹೋದರೋ, ಯಾರು ಯಾವ ಕಡೆ ಹೋದರೋ, ನೋಡಿದವರಿಲ್ಲ.

ಹಿಂದಿರುಗಿದಾಗ ಉಗ್ರಾಣದಕ್ಕ ಎದ್ದು ನಿಂತಿದ್ದರು. ಬೆಳಿಗ್ಗೆಯಿಂದ ತೊಡೆಯ ಮೇಲಿಟ್ಟುಕೊಂಡಿದ್ದ ಬಟ್ಟೆಯ ಗಂಟು ನೆಲಕ್ಕೆ ಬಿದ್ದು ಬಿಚ್ಚಿಕೊಂಡಿತ್ತು, ಆಕೆಗದರ ಪರಿವೆಯೇ ಇರಲಿಲ್ಲ. ಅವರ ಕಣ್ಣು ಮೇಜಿನ ಮೇಲಿದ್ದ ಆ ಎರಡು ಡಬ್ಬಿಗಳ ಮೇಲೆ ನೆಟ್ಟಿತ್ತು.

“ಮೇಡಂ, ಆಸ್ಪತ್ರೇಲಿ ಅವರ ಮುಖಕ್ಕೆ ಆಕ್ಸಿಜನ್ ಹಾಕಿದ್ದಾರೆ ಅಲ್ವಾ?” ಎಂದರು ಅಕ್ಕ. “ಅದೂ ಮಾಸ್ಕೇ ಅಲ್ವಾ? ಅದರೊಳಗೆ ಏನು ಬರ್ತಿದೆ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಮೇಡಂ? ಅವರ ಮೂಗು ಇಲ್ಲೇ ನನ್ನ ಹತ್ರಾನೇ ಇದೆಯಲ್ಲ!”